ಐವತ್ತಾರು ಹೆಣಿಗೆ

ಮಾರ್ಚ್ 4

ಪ್ರೀತಿಯ ಗೂಟ,

ತಂತಿ ಹೆಣೆದು ಕಳಿಸಿದ ರಾಕೆಟ್ ತಲುಪಿತು ಅಂತ ಫೋನ್ ಮಾಡಬೇಡ, ಕಾಗದ ಬರೆ. ಫೋನಿನಲ್ಲಿ ನಿನ್ನದು ‘ಹ್ಞೂಂ, ಊಟ ಆಯ್ತು, ಇಡ್ಲಾ’ ಅನ್ನುವಲ್ಲಿಗೆ ಮುಗಿಯುತ್ತದೆ. ರಾಕೆಟ್ ಚೀಲದ ಜೇಬಿನಲ್ಲಿ ಕಾಗದ ಇಟ್ಟು ಕಳಿಸುವ ವಾಡಿಕೆ ಇರುವುದರಿಂದಲೇ ನಿನ್ನ ಬಾಯಿಂದ ನಾಲ್ಕು ಮಾತು ನನಗೆ ಸಿಗುವುದು.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ಹತ್ತಿರ ಟೆನಿಸ್ ಕಲಿಯುವ ಹುಡುಗಿಯ ತಾಯಿ ಎರಡು ರಾಕೆಟ್ ಹಿಡಿದುಕೊಂಡು ಬಂದರು. ಒಂದರ ಮೇಲೆ ಹದಿನಾರು-ಹತ್ತೊಂಬತ್ತು ಅಂತಿತ್ತು, ಇನ್ನೊಂದರ ಮೇಲೆ ಹದಿನೆಂಟು-ಇಪ್ಪತ್ತು. ‘ದೊಡ್ಡ ನಂಬರ್ ಇರೋದೇ ಒಳ್ಳೇದಲ್ವಾ ಸರ್’ ಅಂದರು. ಸರ್ ತಲೆ ಕೆರೆದುಕೊಂಡು ಅಕ್ಕನಿಗೆ ಬರೆದರು. ಇಷ್ಟು ವರ್ಷ ಆಡಿ, ಇಷ್ಟು ಮಕ್ಕಳಿಗೆ ಕಲಿಸಿ, ಕೈಯಲ್ಲಿ ಹಿಡಿದಿರುವುದು ಏನು ಅಂತ ನಿನಗೆ ಗೊತ್ತಿಲ್ಲವಲ್ಲೋ.

ಮೊದಲ ಸಂಖ್ಯೆ ಉದ್ದದ ಎಳೆ, ಎರಡನೆಯದು ಅಡ್ಡ ಎಳೆ. ಎಳೆ ಕಡಿಮೆಯಿದ್ದರೆ ನಡುವಿನ ಕಿಂಡಿ ದೊಡ್ಡದು, ಅಂದರೆ ಜಾಳು ಹೆಣಿಗೆ. ಚೆಂಡು ಬಿದ್ದಾಗ ಎಳೆಗಳು ಸರಿದು ಮತ್ತೆ ಜಾಗಕ್ಕೆ ಬರುತ್ತವೆ, ಆ ಸರಿದಾಟ ಚೆಂಡನ್ನು ತಿರುಗಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆಯುವವರಿಗೆ ಅದು ಬೇಕು. ತೋಳಿಗೂ ಮೆತ್ತಗೆ. ಆದರೆ ಎಳೆ ಎಳೆಯನ್ನು ಗರಗಸದ ಹಾಗೆ ಕೊಯ್ದು ಬೇಗ ಹರಿಯುತ್ತದೆ. ಒತ್ತು ಹೆಣಿಗೆಯಲ್ಲಿ ಎಳೆಗಳು ಅಷ್ಟಾಗಿ ಅಲುಗುವುದಿಲ್ಲ. ಚೆಂಡು ಹಾರಾಡದೆ ಕಳಿಸಿದ ಕಡೆಗೆ ಹೋಗುತ್ತದೆ. ನೆಟ್ಟಗೆ, ಚಪ್ಪಟೆಯಾಗಿ ಹೊಡೆಯುವವರಿಗೆ ಅದು ಸರಿ. ಆ ತಾಯಿಗೆ ಹೇಳು, ನಂಬರ್ ಆಮೇಲೆ, ಮೊದಲು ಮಗಳ ಕೈ ಹೇಗೆ ಹೋಗುತ್ತದೆ ನೋಡಿ ಅಂತ. ಈಗಷ್ಟೇ ಕಲಿಯುವವಳಾದರೆ ಜಾಳೇ ಇರಲಿ. ಚೆಂಡು ಬಲೆ ದಾಟಿದರೆ ಮಕ್ಕಳಿಗೆ ಖುಷಿ.

ನಿನಗೆ ಮಾತ್ರ ಬೇರೆ ಮಾತಿಲ್ಲ. ಹಿಂದಿನ ಗೆರೆಯ ಮೇಲೆ ನೆಟ್ಟರೆ ಅಲ್ಲಾಡುವವನಲ್ಲ, ಚೆಂಡನ್ನು ಬಾಗಿಲು ಹಾಕಿದ ಹಾಗೆ ಹೊಡೆಯುವವನು. ಅದಕ್ಕೇ ನೀನು ಗೂಟ, ಅದಕ್ಕೇ ನಿನಗೆ ಹದಿನೆಂಟು-ಇಪ್ಪತ್ತು. ನಾನು ಈ ಆಟದ ಸಾಮಾನಿನ ಅಂಗಡಿಗೆ ಸೇರಿದ ವರ್ಷ ಆರಿಸಿ ಕೊಟ್ಟದ್ದು, ನಾನು ಮೊದಲು ಹೆಣೆದದ್ದೂ ಅದನ್ನೇ. ನಮ್ಮ ಯಜಮಾನರು ಈಗಲೂ ಗಿರಾಕಿಗಳನ್ನು ಹಿಂದಿನ ಕೋಣೆಗೆ ಕರೆತಂದು ತೋರಿಸುತ್ತಾರೆ, ‘ಇವರು ಇವತ್ತಿನವರೆಗೂ ಒಂದು ಎಳೆ ತಪ್ಪಿಸಿಲ್ಲ ನೋಡಿ’ ಅಂತ. ನಾನು ತಂತಿ ಬಿಗಿಯುವ ಯಂತ್ರದಿಂದ ತಲೆ ಎತ್ತುವುದಿಲ್ಲ, ಆದರೆ ಕಿವಿ ತುಂಬಿಸಿಕೊಳ್ಳುತ್ತೇನೆ.

ಅಕ್ಷರ ಕುಂಬಳಕಾಯಿ ಗಾತ್ರ ಆಗಿದೆ ಅಂತ ನಗಬೇಡ. ಪೆನ್ನು ಸರಿಯಿಲ್ಲ.

ಅಕ್ಕ

ಮಾರ್ಚ್ 13

ಅಕ್ಕ,

ಈ ಕಾಗದ ಅಂಚೆಗೆ ಹೋಗುವುದಿಲ್ಲ, ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಆದರೂ ನಿನಗೆ ಹೇಳಿದ ಹಾಗಾಗಲಿ ಅಂತ ಬರೆಯುತ್ತಿದ್ದೇನೆ.

ರಾಕೆಟ್ಟನ್ನು ಚೀಲದಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿ ಸಲವೂ ಹಾಗೆ ಮಾಡುತ್ತೇನೆ, ಪರೀಕ್ಷೆ ಮಾಡಲಿಕ್ಕಲ್ಲ, ನೋಡಲು ಚೆನ್ನಾಗಿರುತ್ತದೆ ಅಂತ. ಹಿಡಿಯ ಕಡೆಯಿಂದ ಮೂರನೆಯ ಅಡ್ಡ ಎಳೆ, ಬಲಗಡೆ, ಒಂದು ಉದ್ದದ ಎಳೆಯ ಕೆಳಗೆ ಹೋಗಬೇಕಾದದ್ದು ಮೇಲೆ ಹೋಗಿದೆ. ಒಂದೇ ಒಂದು ಕಡೆ. ಬೇರೆ ಯಾರು ಹೆಣೆದಿದ್ದರೂ ನಾನು ಗಮನಿಸುತ್ತಲೂ ಇರಲಿಲ್ಲ. ಆದರೆ ಇದು ನೀನು ಹೆಣೆದದ್ದು.

ಕುಂಬಳಕಾಯಿ ಗಾತ್ರದ ಅಕ್ಷರ ನೋಡಿದೆ. ಎರಡನ್ನೂ ಕೂಡಿಸಿದೆ. ಅಕ್ಕ, ನಿನ್ನ ಕಣ್ಣು ಮಂಜಾಗುತ್ತಿದೆ.

ಹೇಳಲು ಧೈರ್ಯವಿಲ್ಲ. ಒಂದು ಸಲ ಭಾವ ನೀನು ಹೊಲಿದ ಪರದೆ ಒಂದು ಚೂರು ಸೊಟ್ಟಗಿದೆ ಅಂದರು. ಆ ವಾರವೇ ಹೊಲಿಗೆ ಯಂತ್ರ ಪಕ್ಕದ ಮನೆಗೆ ಹೋಯಿತು. ಈಗ ಇದನ್ನು ಹೇಳಿದರೆ ನೀನು ಅಂಗಡಿಯ ಆ ಯಂತ್ರದ ಮುಂದೆ ಇನ್ನೊಂದು ದಿನ ಕೂರುವುದಿಲ್ಲ. ಆಮೇಲೆ ನೀನು ಏನು ಮಾಡುತ್ತೀಯ ಅಂತ ಯೋಚಿಸಿದರೆ ನನಗೆ ಏನೂ ತೋಚುವುದಿಲ್ಲ.

ಒಂದು ಉಪಾಯ ಹೊಳೆದಿದೆ. ತಲೆಹರಟೆ ಉಪಾಯ. ನೀನು ನನ್ನ ಮೇಲೆ ಸಿಟ್ಟಾಗುತ್ತೀಯ, ಆಗು.

ಗೂಟ

ಮಾರ್ಚ್ 16

ಪ್ರೀತಿಯ ಅಕ್ಕ,

ರಾಕೆಟ್ ತಲುಪಿತು. ಎಂದಿನ ಹಾಗೆ ಬಹಳ ಚೆನ್ನಾಗಿದೆ. ಆ ತಾಯಿಗೆ ನಿನ್ನ ಮಾತನ್ನು ನನ್ನ ಮಾತು ಅಂತ ಹೇಳಿದೆ, ಅವರು ಬಹಳ ಗೌರವದಿಂದ ನೋಡಿದರು.

ಒಂದು ವಿಷಯ ಇದೆ, ಸಿಟ್ಟಾಗಬೇಡ. ಅವರಿಗೆ ವಿವರಿಸುತ್ತಾ ವಿವರಿಸುತ್ತಾ ನನಗೇ ಜಾಳು ಹೆಣಿಗೆಯ ಮೇಲೆ ಆಸೆ ಹುಟ್ಟಿತು. ಈಗ ಎಲ್ಲರೂ ಚೆಂಡು ತಿರುಗಿಸಿಯೇ ಆಡುವುದು. ನಾನೊಬ್ಬ ಎಷ್ಟು ದಿನ ಹೀಗೆ ಗೂಟದ ಹಾಗೆ ನಿಂತು ಬಡಿಯಲಿ? ಹಳೆಯ ಚೌಕಟ್ಟಿನಲ್ಲಿ ಇರುವುದೇ ಅಷ್ಟು ರಂಧ್ರ, ಅದರಲ್ಲಿ ಹೆಣಿಗೆ ಬದಲಿಸಲು ಆಗುವುದಿಲ್ಲ ಅಂತ ನೀನೇ ಹೇಳಿದ್ದೆಯಲ್ಲ. ಅದಕ್ಕೆ ಹೊಸ ರಾಕೆಟ್ ಕೊಂಡೆ. ಹದಿನಾರು-ಹತ್ತೊಂಬತ್ತು. ಇದರ ಜೊತೆ ಕಳಿಸಿದ್ದೇನೆ, ಹೆಣೆದು ಕೊಡು. ಇನ್ನು ಮೇಲೆ ಇದೊಂದೇ. ಹಳೆಯದನ್ನು ಎತ್ತಿಟ್ಟಿದ್ದೇನೆ.

ಪೊಟ್ಟಣದಲ್ಲಿ ಒಂದು ಮೇಜಿನ ದೀಪವೂ ಇದೆ. ಕತ್ತು ಹೇಗೆ ಬೇಕಾದರೂ ಬಗ್ಗುತ್ತದೆ, ಜೊತೆಗೆ ಭೂತಗನ್ನಡಿಯೂ ಇದೆ. ನಿನ್ನ ಹಿಂದಿನ ಕೋಣೆಯಲ್ಲಿ ಬೆಳಕು ಕಡಿಮೆ ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು.

ನಿನ್ನ ಗೂಟ

ಮಾರ್ಚ್ 29

ಗೂಟ,

ನನ್ನ ಕೋಣೆಗೆ ಆಳೆತ್ತರದ ಕಿಟಕಿ ಇದೆ. ಹೊರಗೆ ಸೈಕಲ್ ನಿಲ್ಲಿಸುವ ಜಾಗ, ಅದರಾಚೆ ಬರೀ ಆಕಾಶ. ನೀನು ಅಲ್ಲಿ ಕೂತು ಬ್ರೆಡ್ಡು ತಿಂದಿದ್ದೀಯ. ಬೆಳಕು ಕಡಿಮೆಯಂತೆ. ಭೂತಗನ್ನಡಿ ಬೇರೆ. ನಾನೇನು ಮುದುಕಿ ಅಂದುಕೊಂಡೆಯಾ? ನನ್ನ ಕಣ್ಣಿಗೆ ಏನೂ ಆಗಿಲ್ಲ, ಎದುರಿನ ಬಸ್ಸಿನ ಬೋರ್ಡನ್ನು ನಿನ್ನ ಭಾವನಿಗಿಂತ ಮೊದಲು ಓದುತ್ತೇನೆ. ದೀಪ ಈಗ ಅವರ ಕುರ್ಚಿಯ ಪಕ್ಕದಲ್ಲಿದೆ. ಪೇಪರಿನ ಜಾಹೀರಾತುಗಳನ್ನೂ ಬಿಡದೆ ಓದಿ ನನಗೆ ಹೇಳುತ್ತಿದ್ದಾರೆ. ಈ ಉಪಕಾರವನ್ನು ಮರೆಯುವುದಿಲ್ಲ.

ರಾಕೆಟ್ ಹೆಣೆದಿದ್ದೇನೆ. ಹೇಳಿದ್ದನ್ನು ಮಾಡುವುದು ನನ್ನ ಕೆಲಸ. ಆದರೆ ಬೇಸರವಾಗಿದೆ, ಮುಚ್ಚಿಡುವುದಿಲ್ಲ. ಯಾರೋ ಹೊಸ ಕೋಚ್ ನಿನ್ನ ಕಿವಿ ಊದಿರಬೇಕು. ನಿನ್ನ ಕೈ ಹೇಗೆ ಹೋಗುತ್ತದೆ ಅಂತ ನನಗೆ ಗೊತ್ತಿರುವಷ್ಟು ನಿನಗೂ ಗೊತ್ತಿಲ್ಲ. ಆ ಹಳೆಯ ರಾಕೆಟ್ಟನ್ನು ಹೆಣೆಯುವಾಗ ನಾನು ಕೈಯ ಕಡೆ ನೋಡುತ್ತಲೇ ಇರಲಿಲ್ಲ, ಕಿಟಕಿಯಾಚೆ ನೋಡುತ್ತಾ ನಿನ್ನನ್ನೇ ನೆನೆಸಿಕೊಳ್ಳುತ್ತಿದ್ದೆ. ಅದೊಂದು ನನಗೆ ಅಂತ ಇದ್ದ ಕೆಲಸ. ‘ಎತ್ತಿಟ್ಟಿದ್ದೇನೆ’ ಅಂತ ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆ.

ಇರಲಿ. ದೊಡ್ಡವನಾಗಿದ್ದೀಯ. ಜಾಳು ಹೆಣಿಗೆಯಲ್ಲಿ ಚೆಂಡು ಎತ್ತರಕ್ಕೆ ಹಾರುತ್ತದೆ, ನಾಲ್ಕು ದಿನ ಬೇಲಿಯಾಚೆ ಹೆಕ್ಕಲು ಯಾರನ್ನಾದರೂ ನಿಲ್ಲಿಸಿಕೋ.

ಅಕ್ಕ

ಮೇ 10

ಪ್ರೀತಿಯ ಅಕ್ಕ,

ತಡವಾಯಿತು, ಬಯ್ಯಬೇಡ. ಹೊಸ ರಾಕೆಟ್ ಅದ್ಭುತವಾಗಿದೆ. ಚೆಂಡು ಬುಗುರಿಯ ಹಾಗೆ ತಿರುಗುತ್ತದೆ. ಎದುರಿನವರು ಕಂಗಾಲು. ನನ್ನ ಜೋಡಿ ಇದ್ದಾನಲ್ಲ, ಬೇಕರಿಯವನು, ‘ಏನಪ್ಪಾ ನಿನ್ನಾಟ ಗುರ್ತೇ ಸಿಗ್ತಿಲ್ಲ’ ಅಂದ. ಕ್ಲಬ್ಬಿನ ಜೋಡಿ ಪಂದ್ಯ ಮುಂದಿನ ತಿಂಗಳು. ತಯಾರಿ ಜೋರು.

ತಂತಿ ಹರಿದಿಲ್ಲ, ಆದರೂ ಹಳತಾಯಿತು ಅನಿಸಿ ಕಳಿಸಿದ್ದೇನೆ. ಹೊಸದು ಹಾಕು. ಅವಸರವಿಲ್ಲ, ನಿನಗೆ ಆದಾಗ, ಬೆಳಕು ಚೆನ್ನಾಗಿದ್ದಾಗ ಹೆಣೆದರೆ ಸಾಕು. ಆಯಾಸ ಮಾಡಿಕೊಳ್ಳಬೇಡ.

ನಿನ್ನ ಗೂಟ

ಮೇ 24

ಗೂಟ,

ಸುಳ್ಳನ್ನು ನೀನು ಚಿಕ್ಕಂದಿನಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ.

ನಿನ್ನ ತಂತಿಯನ್ನು ಕತ್ತರಿಸುವ ಮೊದಲು ಮೇಜಿನ ಮೇಲಿಟ್ಟು ನೋಡಿದೆ. ಚೆಂಡು ತಿರುಗಿಸಿ ಹೊಡೆಯುವವನ ಜಾಳು ಹೆಣಿಗೆ ಒಂದೂವರೆ ತಿಂಗಳಲ್ಲಿ ಹೇಗಿರಬೇಕು ಗೊತ್ತಾ? ಎಳೆ ಎಳೆ ಸೇರುವಲ್ಲೆಲ್ಲ ಕಚ್ಚು ಬಿದ್ದಿರಬೇಕು, ಉಗುರು ಸಿಕ್ಕಿಕೊಳ್ಳುವಷ್ಟು. ನಿನ್ನದರಲ್ಲಿ ಕಚ್ಚೇ ಇಲ್ಲ. ನಡುವೆ ಒಂದು ಕಡೆ ಮಾತ್ರ ಚಪ್ಪಟೆಯಾಗಿ ಸವೆದಿದೆ. ನೀನು ಬುಗುರಿಯನ್ನೂ ತಿರುಗಿಸಿಲ್ಲ, ಏನನ್ನೂ ತಿರುಗಿಸಿಲ್ಲ. ಅದೇ ಹಳೆಯ ಗೂಟದ ಹೊಡೆತವನ್ನು ಹೊಂದದ ರಾಕೆಟ್ಟಿನಲ್ಲಿ ಹೊಡೆದಿದ್ದೀಯ. ಚೆಂಡುಗಳೆಲ್ಲ ಗೆರೆಯಾಚೆ ಹೋಗಿರಬೇಕು.

ಹಾಗಾದರೆ ಇದನ್ನು ಯಾಕೆ ಕೊಂಡೆ? ಎರಡು ದಿನ ಅದೇ ಯೋಚನೆ. ಈಗ ತಿಳಿಯಿತು. ಜಾಳು ತೋಳಿಗೆ ಮೆತ್ತಗೆ ಅಂತ ನಾನೇ ಬರೆದಿದ್ದೆ. ನಿನ್ನ ಭುಜ ನೋಯುತ್ತಿದೆ. ಇಲ್ಲಾ ಮೊಣಕೈ. ನನಗೆ ಗಾಬರಿಯಾಗುತ್ತದೆ ಅಂತ ಫ್ಯಾಷನ್ನಿನ ಕಥೆ ಕಟ್ಟಿದೆ. ಗೂಟ, ನೋವನ್ನು ಮುಚ್ಚಿಟ್ಟುಕೊಂಡು ಕೂರುವುದು ದಡ್ಡತನ. ಮುಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ. ನಾಚಿಕೆ ಯಾಕೆ? ನಾಳೆಯೇ ಡಾಕ್ಟರ ಹತ್ತಿರ ಹೋಗು. ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ, ಅವಳಿಗೆ ಹೇಳದೆ ಇನ್ಯಾರಿಗೆ ಹೇಳುತ್ತೀಯ?

ಹಳೆಯ ರಾಕೆಟ್ಟನ್ನೂ ಕಳಿಸು. ಬಿಗಿ ಇಳಿಸಿ, ಮೆತ್ತನೆಯ ತಂತಿ ಹಾಕಿ ಕೊಡುತ್ತೇನೆ.

ಅಕ್ಕ

ಜೂನ್ 2

ಅಕ್ಕ,

ನನ್ನ ಭುಜಕ್ಕೆ ಏನೂ ಆಗಿಲ್ಲ. ಮೊಣಕೈಗೂ ಇಲ್ಲ.

ಹಳೆಯ ರಾಕೆಟ್ ಇದರ ಜೊತೆಗಿದೆ. ಮಾರ್ಚಿನಲ್ಲಿ ನೀನು ಹೆಣೆದು ಕಳಿಸಿದ ಮೇಲೆ ಅದರಲ್ಲಿ ಒಂದು ಚೆಂಡನ್ನೂ ಹೊಡೆದಿಲ್ಲ. ಕಿಟಕಿಗೆ ಹಿಡಿದು ನೋಡು. ಹಿಡಿಯಿಂದ ಮೂರನೆಯ ಅಡ್ಡ ಎಳೆ, ಬಲಗಡೆ.

ನೀನು ಬರೆದ ಮಾತನ್ನೇ ನಿನಗೆ ವಾಪಸ್ ಕೊಡುತ್ತಿದ್ದೇನೆ. ಮುಚ್ಚಿಟ್ಟುಕೊಂಡು ಕೂರಬೇಡ. ಕಣ್ಣಿನ ಡಾಕ್ಟರ ಹತ್ತಿರ ಹೋಗು. ನಾಚಿಕೆ ಯಾಕೆ?

ಗೂಟ

ಜೂನ್ 9

ಪ್ರೀತಿಯ ಗೂಟ,

ನೋಡಿದೆ.

ಮೊದಲು ಕುರ್ಚಿಯಲ್ಲಿ ಕೂತೆ. ಆಮೇಲೆ ಎದ್ದು ಬಾಗಿಲು ಹಾಕಿಕೊಂಡೆ, ಯಜಮಾನರು ಯಾವನನ್ನಾದರೂ ಕರೆದುಕೊಂಡು ಬಂದು ‘ಒಂದು ಎಳೆ ತಪ್ಪಿಸಿಲ್ಲ’ ಅಂದುಬಿಟ್ಟರೆ ಅಂತ. ಅಷ್ಟು ಹೊತ್ತು ಅತ್ತ ನೆನಪು ಇತ್ತೀಚೆಗಿಲ್ಲ. ಮಾರ್ಚಿನಿಂದ ನೀನು ಇದನ್ನು ಇಟ್ಟುಕೊಂಡು ಕೂತಿದ್ದೀಯ, ನಾನು ನಿನ್ನನ್ನು ಬಾಯಿಗೆ ಬಂದ ಹಾಗೆ ಬಯ್ದಿದ್ದೇನೆ.

ಕಣ್ಣಲ್ಲ ಕಣೋ. ಬೆರಳು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು ಹಿಡಿದು ಬಹಳ ತಿಂಗಳಾಯಿತು. ಪೆನ್ನು ಹಿಡಿದರೆ ಜಾರುತ್ತದೆ, ಅದಕ್ಕೆ ಅಕ್ಷರ ದೊಡ್ಡದು. ಅಡ್ಡ ಎಳೆ ಹೆಣೆಯುವಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಎಳೆ ಮೇಲೆ ಹೋಯಿತೋ ಕೆಳಗೆ ಹೋಯಿತೋ ಅಂತ ನನ್ನ ಬೆರಳೇ ನನಗೆ ಹೇಳುತ್ತಿತ್ತು. ಈಗ ಅದು ಸುಮ್ಮನಾಗಿದೆ. ಬೇರೆ ರಾಕೆಟ್ಟುಗಳನ್ನೆಲ್ಲ ಕಣ್ಣಿಟ್ಟು, ಎರಡೆರಡು ಸಲ ನೋಡಿ ಹೆಣೆದೆ. ನಿನ್ನದನ್ನು ಮಾತ್ರ ಎಂದಿನ ಹಾಗೆ ಕಿಟಕಿಯಾಚೆ ನೋಡುತ್ತಾ ಹೆಣೆದೆ. ಅದಕ್ಕೇ ನಿನ್ನದರಲ್ಲೇ ತಪ್ಪಿದೆ.

ಡಾಕ್ಟರಿಗೆ ತೋರಿಸಿದ್ದೇನೆ, ನಿನ್ನ ಬುದ್ಧಿವಾದಕ್ಕಿಂತ ಮೊದಲೇ. ಮಣಿಕಟ್ಟಿನಲ್ಲಿ ನರ ಒತ್ತಿಹಿಡಿದಿದೆಯಂತೆ. ಸಣ್ಣ ಆಪರೇಷನ್ನಂತೆ, ಆಮೇಲೆ ಕೆಲವು ತಿಂಗಳು ಕೈಗೆ ಕೆಲಸ ಕೊಡಬಾರದಂತೆ. ತಡ ಮಾಡಿದಷ್ಟೂ ಬೆರಳು ವಾಪಸ್ ಬರುವುದು ಕಷ್ಟ ಅಂದರು. ನಾನು ‘ಆಗಲಿ ಡಾಕ್ಟ್ರೇ’ ಅಂದು ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಿಲ್ಲ. ಭಾವನಿಗೂ ಹೇಳಿರಲಿಲ್ಲ. ಭಯ ಕಣೋ. ಕುಯ್ದ ಮೇಲೂ ಬೆರಳು ಬರದಿದ್ದರೆ ಅಂತ. ಆ ಕೋಣೆಯಲ್ಲಿ ಕೂತು ಹೆಣೆಯುವುದು ಬಿಟ್ಟರೆ ನನಗೆ ಇನ್ನೇನು ಬರುತ್ತದೆ? ಹೊಲಿಗೆ ಯಂತ್ರವೂ ಇಲ್ಲ.

ಇವತ್ತು ಅಂಗಡಿಯಲ್ಲಿ ಕೆಲಸ ಮುಂದೆ ಸಾಗಲಿಲ್ಲ. ಸುಮ್ಮನೆ ಕೂತು, ಎಳೆ ಎಳೆ ದಾಟುವ ಜಾಗ ಎಷ್ಟು ಅಂತ ಗುಣಿಸಿದೆ. ಹದಿನೆಂಟು ಇಪ್ಪತ್ತಲಿ ಮುನ್ನೂರ ಅರವತ್ತು. ಹದಿನಾರು ಹತ್ತೊಂಬತ್ತಲಿ ಮುನ್ನೂರ ನಾಲ್ಕು. ಐವತ್ತಾರು ಹೆಣಿಗೆ ಕಡಿಮೆ. ಅಷ್ಟನ್ನು ನನಗೆ ತಪ್ಪಿಸಬೇಕು ಅಂತ ನೀನು ನಿನ್ನ ಆಟವನ್ನೇ ಹಾಳು ಮಾಡಿಕೊಂಡೆಯಾ? ಕಳ್ಳ. ಪೆದ್ದ. ನನ್ನ ಬಂಗಾರದಂಥ ಗೂಟ.

ಭಾವನಿಗೆ ಇವತ್ತು ಹೇಳಿದೆ. ಅವರು ಪೇಪರ್ ಮಡಿಸಿಟ್ಟು ದೀಪ ಆರಿಸಿದರು, ಬಹಳ ಹೊತ್ತು ನನ್ನ ಕೈ ಹಿಡಿದು ಕೂತಿದ್ದರು. ‘ಪರದೆ ಸೊಟ್ಟಗಿದೆ ಅಂತ ಅವತ್ತು ಅಂದಿದ್ದು ತಪ್ಪಾಯ್ತು ಮಾರಾಯ್ತಿ’ ಅಂದರು. ಈ ತಿಂಗಳ ಕೊನೆಗೆ ಆಪರೇಷನ್.

ಅಕ್ಕ

ಜೂನ್ 16

ಪ್ರೀತಿಯ ಅಕ್ಕ,

ಮೂರು ಸಲ ಓದಿದೆ. ಕಣ್ಣು ಅಂತ ಅಷ್ಟು ಖಚಿತವಾಗಿ ತಿಳಿದುಕೊಂಡಿದ್ದೆ ನೋಡು, ಭೂತಗನ್ನಡಿ ಕೊಳ್ಳುವಾಗ ಅಂಗಡಿಯವನ ಜೊತೆ ಜಗಳ ಆಡಿದ್ದೆ, ಇನ್ನೂ ದೊಡ್ಡದು ಬೇಕು ಅಂತ.

ಎಲ್ಲ ಹೇಳಿಬಿಡುತ್ತೇನೆ. ನೀನು ಊಹಿಸಿದ ಹಾಗೆ ಚೆಂಡುಗಳೆಲ್ಲ ಗೆರೆಯಾಚೆ ಹೋದವು. ಕಲಿಯುವ ಮಕ್ಕಳು ಪಾಪ ಹೆಕ್ಕಿ ಹೆಕ್ಕಿ ಕೊಟ್ಟರು. ಬೇಕರಿಯವನು ‘ಗುರ್ತೇ ಸಿಗ್ತಿಲ್ಲ’ ಅಂದದ್ದು ನಿಜ, ಆದರೆ ಹೊಗಳಿ ಅಲ್ಲ. ಆಮೇಲೆ ಒಂದು ದಿನ ಒಂದು ಪೊಟ್ಟಣ ಬನ್ನು ಹಿಡಿದುಕೊಂಡು ಬಂದ. ‘ತಪ್ಪು ತಿಳೀಬೇಡ, ಈ ವರ್ಷ ಬೇರೆಯವರ ಜೊತೆ ಆಡ್ತೀನಿ’ ಅಂದ. ಬನ್ನು ಚೆನ್ನಾಗಿತ್ತು. ಪಂದ್ಯ ಮೊನ್ನೆ ಮುಗಿಯಿತು, ನಾನು ಅಂಕ ಬರೆಯಲು ಕೂತಿದ್ದೆ. ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದು ಆಟ ಅಕ್ಕ, ಮುಂದಿನ ವರ್ಷವೂ ಇರುತ್ತದೆ.

ಆಪರೇಷನ್ನಿಗೆ ಬರುತ್ತೇನೆ, ರಜೆ ಕೇಳಿಯಾಯಿತು. ಅಂಚೆಗೆ ಹಾಕದ ಒಂದು ಕಾಗದ ಖಾನೆಯಲ್ಲಿದೆ, ಅದನ್ನು ತಂದು ಕೈಗೇ ಕೊಡುತ್ತೇನೆ. ಯಜಮಾನರಿಗೆ ನೀನೇ ಹೇಳು, ನಾನು ಮೂಗು ತೂರಿಸುವುದಿಲ್ಲ. ನಿನ್ನ ಬೆರಳು ಬರಲಿ, ಬರದೇ ಇರಲಿ. ನನಗೆ ಬೇಕಾಗಿರುವುದು ನೀನು. ತಂತಿ ಯಾರಾದರೂ ಹಾಕುತ್ತಾರೆ, ಚೀಲದ ಜೇಬಿನಲ್ಲಿ ಕಾಗದ ಇಡುವವರು ಇನ್ಯಾರೂ ಇಲ್ಲ.

ನಿನ್ನ ಗೂಟ

ಜುಲೈ 20

ಗೂಟ,

ಇದು ಎಡಗೈ ಬರಹ. ಈಗ ನಗು.

ನೀನು ಹೊರಟ ಮೇಲೆ ಮನೆ ಬಿಕೋ ಅನ್ನುತ್ತಿದೆ. ಖಾನೆಯ ಕಾಗದ ಓದಿದೆ, ಮತ್ತೆ ಓದಿದೆ. ಯಜಮಾನರಿಗೆ ಹೇಳಿದಾಗ ಹೊಸಬರನ್ನು ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಬಾಗಿಲಿಗೆ ಬೋರ್ಡ್ ಹಾಕಿದ್ದಾರೆ, ‘ಹೆಣೆಯುವವರು ರಜೆಯಲ್ಲಿದ್ದಾರೆ, ಕಾಯಿರಿ’ ಅಂತ. ಕಾಯಿರಿ ಅಂದರೆ ಯಾರು ಕಾಯುತ್ತಾರೆ? ಆದರೂ ಕೆಲವರು ರಾಕೆಟ್ ಬಿಟ್ಟು ಹೋಗಿದ್ದಾರಂತೆ.

ಹೆಬ್ಬೆರಳಿಗೆ ಬಿಸಿ ಲೋಟ ಗೊತ್ತಾಗುತ್ತದೆ. ನಡುಬೆರಳಿಗೂ ಸ್ವಲ್ಪ. ತೋರುಬೆರಳು ಇನ್ನೂ ಮಲಗಿದೆ. ಕೈ ಸೋತಿತು, ಇಷ್ಟೇ.

ಅಕ್ಕ

ನವೆಂಬರ್ 21

ಪ್ರೀತಿಯ ಗೂಟ,

ಅಕ್ಷರ ನೋಡಿದೆಯಾ? ಬಲಗೈ. ಕುಂಬಳಕಾಯಿ ಹೋಗಿ ನಿಂಬೆಕಾಯಿ ಗಾತ್ರಕ್ಕೆ ಬಂದಿದೆ.

ಹೋದ ವಾರ ಅಂಗಡಿಗೆ ಹೋದೆ. ಯಂತ್ರದ ಮೇಲೆ ಯಾರೋ ಬಟ್ಟೆ ಹೊದಿಸಿಟ್ಟಿದ್ದರು. ಕಾಯುತ್ತಿದ್ದ ರಾಕೆಟ್ಟುಗಳು ಒಂದು ಮೂಲೆಯಲ್ಲಿದ್ದವು, ಆದರೆ ಮೊದಲು ಕೈಗೆತ್ತಿಕೊಂಡದ್ದು ನಿನ್ನ ಹಳೆಯದನ್ನು. ತಪ್ಪಿದ ಆ ಎಳೆಯನ್ನು ನಾನೇ ಕತ್ತರಿಸಿದೆ. ಕತ್ತರಿ ಹಾಕುವಾಗ ಏನೋ ಆಗುತ್ತದೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ, ಹಗುರವಾಯಿತು. ಮೊದಲ ದಿನ ಅರ್ಧಕ್ಕೆ ನಿಲ್ಲಿಸಿ ಕತ್ತರಿಸಿ ಹಾಕಿದೆ. ಮಾರನೆಯ ದಿನವೂ ಹಾಗೇ. ಮೂರನೆಯ ಸಲ ಪೂರ್ತಿ ಆಯಿತು. ಮೊದಲಾದರೆ ಒಂದು ಲೋಟ ಚಹಾ ಆರುವುದರೊಳಗೆ ಅಡ್ಡ ಎಳೆಗಳೆಲ್ಲ ಮುಗಿಯುತ್ತಿದ್ದವು, ಈಗ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ತೋರುಬೆರಳು ಇನ್ನೂ ಅರೆನಿದ್ದೆಯಲ್ಲೇ ಇದೆ, ಡಾಕ್ಟರು ಅದು ಇಷ್ಟಕ್ಕೇ ನಿಲ್ಲಬಹುದು ಅಂದಿದ್ದಾರೆ. ಅದರ ಕೆಲಸವನ್ನು ನಡುಬೆರಳಿಗೆ ಕಲಿಸುತ್ತಿದ್ದೇನೆ. ಯಜಮಾನರು ಗಿರಾಕಿಗಳನ್ನು ಕರೆತಂದರೆ ಈಗ ನಾನೇ ತಲೆ ಎತ್ತಿ ಹೇಳುತ್ತೇನೆ, ‘ಒಂದ್ಸಲ ತಪ್ಪಿದೆ ಸಾರ್, ನಮ್ಮ ತಮ್ಮನ ರಾಕೆಟ್ಟಲ್ಲಿ’ ಅಂತ.

ನಿನ್ನ ಹೊಸ ರಾಕೆಟ್ಟನ್ನು ನಿನ್ನ ಹತ್ತಿರ ಕಲಿಯುವ ಆ ಹುಡುಗಿಗೆ ಕೊಟ್ಟುಬಿಡು, ಉಜ್ಜಿ ಹೊಡೆಯುತ್ತಾಳೆ ಅಂತ ಇಲ್ಲಿಗೆ ಬಂದಾಗ ಅಂದಿದ್ದೆಯಲ್ಲ, ಅವಳ ಕೈಗೆ ಸರಿಹೋಗುತ್ತದೆ. ಬೇಕರಿಯವನ ಹತ್ತಿರ ಹೋಗಿ ನಿನ್ನ ಗೂಟ ವಾಪಸ್ ಬಂದಿದೆ ಅಂತ ಹೇಳು. ಬರುವಾಗ ಬನ್ನು ತರಲು ಮರೆಯಬೇಡ.

ನೀನು ನನಗಾಗಿ ಬಿಟ್ಟುಕೊಟ್ಟಿದ್ದ ಐವತ್ತಾರನ್ನೂ ಸೇರಿಸಿ ಹೆಣೆದಿದ್ದೇನೆ. ಕಿಟಕಿಗೆ ಹಿಡಿದು ನೋಡು. ಎಲ್ಲಾದರೂ ತಪ್ಪಿದ್ದರೆ ಬರೆ. ಖಾನೆಯಲ್ಲಿ ಇಡಬೇಡ, ಅಂಚೆಗೆ ಹಾಕು.

ನಿನ್ನ ಅಕ್ಕ